ಓಂಕಾರದ ಕಾವಲಿನಲ್ಲಿ ಹಾಸ್ಯ: ತಿಪಟೂರಿನ ನರಸಿಂಹರಾಜು ಮತ್ತು ಭಕ್ತಿನಾಟಕದ ಒಂದು ಪ್ರಶ್ನೆ

ಭಕ್ತಿಯನ್ನೇ ವಸ್ತುವಾಗಿ ಉಳ್ಳ ನಾಟಕದಲ್ಲಿ ಹಾಸ್ಯಕ್ಕೆ ನಿಜವಾದ ಸ್ಥಾನವಿದೆಯೇ, ಅಥವಾ ಅದು ಅಳು ಮತ್ತು ಪ್ರಾರ್ಥನೆಗಳ ನಡುವೆ ಪ್ರೇಕ್ಷಕನಿಗೆ ಕೊಡುವ ಬಿಡುವು ಮಾತ್ರವೇ ಎಂಬ ಪ್ರಶ್ನೆಯನ್ನು ಕಾವ್ಯಮೀಮಾಂಸೆಯೂ ಧರ್ಮಚಿಂತನೆಯೂ ಒಟ್ಟಾಗಿ ಎದುರಿಸಬೇಕಾಗಿದೆ. ಕನ್ನಡದಲ್ಲಿ ಈ ಪ್ರಶ್ನೆಯನ್ನು ವಿಚಾರಿಸಲು ಟಿ.ಆರ್. ನರಸಿಂಹರಾಜು ಅವರ ಕಲಾಜೀವನಕ್ಕಿಂತ ತಕ್ಕ ನೆಲೆ ಇನ್ನೊಂದಿಲ್ಲ. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ಅವರು ಇನ್ನೂ ಅಕ್ಷರ ಕಲಿಯುವ ಮೊದಲೇ ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾದಲ್ಲಿ ಬಣ್ಣ ಹಚ್ಚಿಕೊಂಡು, ಮುಂದೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ಚಲನಚಿತ್ರಕ್ಕೆ ಬಂದರು. ರಾಜ್‌ಕುಮಾರ್ ನಾಯಕನಟರಾಗಿ ಕಾಣಿಸಿಕೊಂಡ ಮೊದಲ ಚಿತ್ರವೂ ಅದೇ. ಕಂಪನಿ ನಾಟಕಗಳು ಸೊರಗುತ್ತಿದ್ದ ಆ ಕಾಲದಲ್ಲಿ ಈ ಇಬ್ಬರೂ ಬಾಲಕೃಷ್ಣ ಹಾಗೂ ಜಿ.ವಿ. ಅಯ್ಯರ್ ಅವರೊಡನೆ ಕನ್ನಡ ಚಲನಚಿತ್ರ ಕಲಾವಿದರ ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. 1979ರಲ್ಲಿ ತೀರಿಕೊಳ್ಳುವವರೆಗೆ ನರಸಿಂಹರಾಜು ಹಾಸ್ಯನಟರಾಗಿಯೇ ಬಾಳಿದರು. ಜನ ಅವರನ್ನು ‘ಹಾಸ್ಯ ಚಕ್ರವರ್ತಿ’ ಎಂದು ಕರೆದರು.

ಶಾಸ್ತ್ರವು ಹಾಸ್ಯವನ್ನು ಕೀಳಾಗಿ ಕಂಡಿತೆಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಭರತನ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ, ವಿದ್ಯೆಯ ಮದದಿಂದ ಋಷಿಗಳನ್ನು ಅಣಕಿಸಿ ಆಡಿದ ಭರತಪುತ್ರರು ಶಾಪಕ್ಕೆ ಗುರಿಯಾದ ಕಥೆ ಬರುತ್ತದೆ. ನಟವರ್ಗದ ಸಾಮಾಜಿಕ ಅವನತಿಗೆ ಆ ಗ್ರಂಥ ಕೊಡುವ ಕಾರಣವೇ ಅದು. ಆದರೆ ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ, ನಾಟಕಕ್ಕೆ ವಿಘ್ನ ಬಾರದಂತೆ ದೇವತೆಗಳನ್ನು ಕಾವಲಿಗೆ ನಿಲ್ಲಿಸುವಾಗ, ನಾಯಕನನ್ನು ಇಂದ್ರನಿಗೂ ನಾಯಿಕೆಯನ್ನು ಸರಸ್ವತಿಗೂ ಒಪ್ಪಿಸಿ, ವಿದೂಷಕನನ್ನು, ಅಂದರೆ ನಗಿಸುವ ಪಾತ್ರವನ್ನು, ಓಂಕಾರದ ರಕ್ಷಣೆಗೆ ಬಿಡಲಾಗಿದೆ. ವೇದದ ಆದಿಯಲ್ಲಿ ನಿಲ್ಲುವ ಅಕ್ಷರ ರಂಗದ ನಗೆಗಾರನನ್ನು ಕಾಯುತ್ತದೆಂಬ ಈ ಮಾತಿಗೆ ವ್ಯಾಖ್ಯಾನಕಾರರು ಕೊಟ್ಟ ಗಮನ ಸಾಲದು. ಹಾಸ್ಯರಸದ ಅಧಿದೇವತೆಯೂ ಶಿವನ ಪರಿವಾರದ ಪ್ರಮಥರೇ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ, ನೊಳಂಬರ ಕಾಲದ ಕಲ್ಲೇಶ್ವರ ದೇವಾಲಯದ ಒಳಛಾವಣಿಯ ನಡುವೆ ನರ್ತಿಸುವ ಶಿವನನ್ನೂ ಸುತ್ತ ಅಷ್ಟದಿಕ್ಪಾಲಕರನ್ನೂ ಕಂಡರಿಸಿದ ಶಿಲ್ಪವಿದೆ. ದೇವರೇ ನಟನೆಂದು ನಂಬಿದ ಸೀಮೆಯಲ್ಲಿ ನಟನ ನಗೆ ದೇವರಿಗೆ ಹೊರತಾದುದೆಂದು ಹೇಳುವುದು ಸುಲಭವಲ್ಲ.

ಹಾಗಾದರೆ ಋಷಿಗಳ ಶಾಪಕ್ಕೆ ಒಳಗಾದ ನಗೆ ಯಾವುದು, ಓಂಕಾರ ಕಾಯುವ ನಗೆ ಯಾವುದು? ಇದಕ್ಕೆ ಉತ್ತರದ ಎಳೆ ಕಾಶ್ಮೀರದ ಅಭಿನವಗುಪ್ತನ ವ್ಯಾಖ್ಯಾನದಲ್ಲಿ ಸಿಗುತ್ತದೆ. ಹಾಸ್ಯವು ಶೃಂಗಾರದ ಅನುಕರಣೆಯಿಂದ ಹುಟ್ಟುತ್ತದೆಂಬ ಭರತನ ಮಾತನ್ನು ವಿಸ್ತರಿಸಿ ಅವನು, ಯಾವ ರಸದ ಆಭಾಸವೂ ಹಾಸ್ಯಕ್ಕೆ ಕಾರಣವಾಗಬಲ್ಲದು ಎನ್ನುತ್ತಾನೆ. ಆಭಾಸವೆಂದರೆ ಒಂದು ಭಾವ ಇಲ್ಲದ ಕಡೆ ಇರುವಂತೆ ತೋರುವುದು. ಈ ಸೂತ್ರವನ್ನು ಭಕ್ತಿಗೆ ಹೊಂದಿಸಿದರೆ, ಭಕ್ತಿ ನಗೆಗೆ ವಸ್ತುವಾಗುವುದಿಲ್ಲ, ಭಕ್ತಿಯ ಆಭಾಸ ಆಗುತ್ತದೆ ಎಂದಾಗುತ್ತದೆ. ಆಗ ಹಾಸ್ಯನಟ ಭಕ್ತಿನಾಟಕದ ಒರೆಗಲ್ಲಾಗುತ್ತಾನೆ.

‘ಬೇಡರ ಕಣ್ಣಪ್ಪ’ದ ಕಥೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಹರಿಹರನ ರಗಳೆಯಿಂದ ಕಂಪನಿ ನಾಟಕದವರೆಗೆ ಕನ್ನಡದಲ್ಲಿ ಮತ್ತೆ ಮತ್ತೆ ಹೇಳಲಾದ ಈ ಕಥೆಯ ಬೇಡ, ಬೇಟೆಯ ಮಾಂಸವನ್ನೇ ಶಿವನಿಗೆ ಎಡೆಮಾಡುತ್ತಾನೆ. ಲಿಂಗದ ಕಣ್ಣಿನಲ್ಲಿ ನೆತ್ತರು ಸುರಿದಾಗ ತನ್ನ ಒಂದು ಕಣ್ಣನ್ನು ಕಿತ್ತು ಇಡುತ್ತಾನೆ, ಇನ್ನೊಂದು ಕಣ್ಣಿನ ಸ್ಥಳ ತಪ್ಪದಿರಲೆಂದು ಲಿಂಗದ ಮೇಲೆ ಕಾಲನ್ನೇ ಊರುತ್ತಾನೆ. ಮಡಿ, ಆಗಮ, ಆಚಾರ ಯಾವುದರ ಲೆಕ್ಕದಲ್ಲಿಯೂ ಇದಕ್ಕಿಂತ ಅನುಚಿತವಾದ ಕ್ರಿಯೆ ಇನ್ನೊಂದಿಲ್ಲ, ಅನೌಚಿತ್ಯವೇ ಹಾಸ್ಯದ ಮೂಲವೆಂದು ಆಲಂಕಾರಿಕರು ಹೇಳಿದ್ದಾರೆ. ಆದರೂ ಆ ಗಳಿಗೆಯಲ್ಲಿ ನಾಟಕದ ಸಭೆಯಲ್ಲಿ ಒಬ್ಬನೂ ನಗುವುದಿಲ್ಲ. ನಗು ಬರುವುದು ಶಾಸ್ತ್ರ ತಪ್ಪದ ಅರ್ಚಕರ ಕಡೆಯಿಂದ, ಆ ಕಡೆಗೆ ಸೇರಿದ ಕಾಶಿ ಎಂಬ ಪಾತ್ರವನ್ನು ನರಸಿಂಹರಾಜು ವಹಿಸಿದ್ದರಿಂದ. ಕ್ರಮಬದ್ಧವಾದ ಪೂಜೆ ನಗೆಗೀಡಾಗಿ, ಕ್ರಮಗೆಟ್ಟ ಅರ್ಪಣೆ ಕಣ್ಣೀರು ತರಿಸುವುದರಿಂದ, ಎಲ್ಲಿ ಭಕ್ತಿಯಿದೆ, ಎಲ್ಲಿ ಅದರ ವೇಷವಿದೆ ಎಂಬುದನ್ನು ಪ್ರೇಕ್ಷಕ ಯಾವ ಉಪದೇಶವೂ ಇಲ್ಲದೆ ತಿಳಿಯುತ್ತಾನೆ. ಮೊದಲು ನಗಿಸದಿದ್ದರೆ ಆ ವಿವೇಚನೆ ಅಷ್ಟು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ.

ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ (1965) ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಒಡ್ಡುತ್ತದೆ. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಪರಿಚಿತನಾದ ನಕ್ಷತ್ರಿಕ, ವಿಶ್ವಾಮಿತ್ರನ ಪರವಾಗಿ ಸಾಲ ವಸೂಲಿಗೆ ಬೆನ್ನುಹತ್ತಿ, ರಾಜ್ಯ ಕಳೆದುಕೊಂಡ ದೊರೆಯನ್ನೂ ಅವನ ಹೆಂಡತಿ ಮಗನನ್ನೂ ಹಾದಿಯುದ್ದಕ್ಕೂ ಪೀಡಿಸುವವನು. ಬಿಡದೆ ಕಾಡುವವರಿಗೆ ಇಂದಿಗೂ ಜನ ಅವನ ಹೆಸರನ್ನೇ ಇಡುತ್ತಾರೆ. ನರಸಿಂಹರಾಜು ಈ ಪಾತ್ರದಲ್ಲಿ ಸಭೆಯನ್ನು ನಗಿಸಿದರು. ಸತ್ಯಕ್ಕಾಗಿ ನರಳುವವನ ಎದುರಿನಲ್ಲಿ ನಗುವುದು ಕ್ರೌರ್ಯವಲ್ಲವೇ ಎಂದು ಕೇಳುವವರಿಗೆ ಸುಲಭದ ಸಮಾಧಾನ ಹೇಳಲಾಗದು, ಏಕೆಂದರೆ ನಗುವಷ್ಟು ಹೊತ್ತು ಪ್ರೇಕ್ಷಕ ಪೀಡಿಸುವವನ ಪಕ್ಷದಲ್ಲಿಯೇ ಇರುತ್ತಾನೆ. ಆದರೆ ದೊರೆಯ ಮಗ ಲೋಹಿತಾಶ್ವ ಸತ್ತು ಕಥೆ ಸ್ಮಶಾನಕ್ಕೆ ಬಂದಾಗ ಆ ನಗೆಯ ನೆನಪೇ ಪ್ರೇಕ್ಷಕನನ್ನು ಚುಚ್ಚುತ್ತದೆ. ಸತ್ಯದ ಪರೀಕ್ಷೆ ಅರಸನಿಗೆ ಮಾತ್ರ ಮುಗಿಯದೆ ನೋಡುವವನಿಗೂ ತಗಲುತ್ತದೆ. ಹರಿಶ್ಚಂದ್ರನ ಕಥೆಯಲ್ಲಿ ಹಾಸ್ಯ ಮಾಡುವ ಅತಿ ದೊಡ್ಡ ಕೆಲಸ ಇದು, ಇದನ್ನು ಬಿಡುವಿನ ರಂಜನೆ ಎನ್ನುವುದು ತಪ್ಪು.

ಇಂಥ ಪಾತ್ರವನ್ನು ಹೊರುವ ನಟನಿಗೆ ಸಿಗುವ ಫಲವೇನು ಎಂಬುದು ಉಳಿಯುವ ಪ್ರಶ್ನೆ. ಅಭಿನವಗುಪ್ತನ ಪ್ರಕಾರ ರಸಾಸ್ವಾದ ಪ್ರೇಕ್ಷಕನದು, ನಟ ಅದಕ್ಕೆ ಉಪಾಯ ಮಾತ್ರ. ಭಕ್ತನ ಪಾತ್ರ ವಹಿಸಿದವನಿಗೆ ಪಾತ್ರದ ಪುಣ್ಯದಲ್ಲಿ ಪಾಲು ಕೊಟ್ಟು ಕೈಮುಗಿಯುವ ಜನ, ಆಭಾಸವನ್ನು ತನ್ನ ಮೈಮೇಲೆ ಎಳೆದುಕೊಂಡು ಭಕ್ತಿಯನ್ನು ಶುದ್ಧವಾಗಿ ತೋರಿಸಿದ ಹಾಸ್ಯನಟನನ್ನು ಪ್ರೀತಿಸುತ್ತಾರೆ, ಪೂಜಿಸುವುದಿಲ್ಲ. ಫಲದ ಆಸೆಯಿಲ್ಲದ ಕರ್ಮವೆಂದು ಗೀತೆ ಹೇಳುವುದಕ್ಕೆ ರಂಗದಲ್ಲಿ ಹತ್ತಿರವಾದದ್ದು ಇದೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಈ ವಿಚಾರ ಪುಸ್ತಕಕ್ಕೆ ಸೀಮಿತವಾದುದಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ಪುರಾಣದ ರಾಜರ ನಡುವೆಯೇ ಹನುಮನಾಯಕನೆಂಬ ಹಾಸ್ಯಪಾತ್ರ ಓಡಾಡುತ್ತದೆ. ಹಗಲು ತೋಟದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕಂದ, ಮಟ್ಟುಗಳನ್ನು ಕಲಿತು, ಬಾಡಿಗೆಯ ಸೀನರಿ ಕಟ್ಟಿಸಿ, ದೇವರ ಜಾತ್ರೆಗೆ ಪೌರಾಣಿಕ ನಾಟಕವಾಡುವ ರೂಢಿಯೂ ಇದೆ. ಈ ನಾಟಕಗಳಲ್ಲಿ ಹಾಸ್ಯಪಾತ್ರವನ್ನು ಕೊನೆಗೆ ಉಳಿದವರಿಗೆ ಹಂಚುವುದೂ, ಕಥೆಗೆ ಸಂಬಂಧವಿಲ್ಲದ ದ್ವಂದ್ವಾರ್ಥದ ಮಾತು ತುರುಕಿ ಚಪ್ಪಾಳೆ ಗಿಟ್ಟಿಸುವುದೂ ನಿಲ್ಲಬೇಕು. ಮುಂದಿನ ಸಲ ಹರಿಶ್ಚಂದ್ರ ನಾಟಕ ಎತ್ತಿಕೊಳ್ಳುವ ತಂಡಗಳು ನಕ್ಷತ್ರಿಕನ ಪಾತ್ರವನ್ನು ತಮ್ಮಲ್ಲಿನ ಅತ್ಯುತ್ತಮ ನಟನಿಗೆ ಕೊಡಲಿ.