ಹಡಗಿನಲ್ಲಿ ಬಂದ ಶಿಲುಬೆ

ಮಂಗಳೂರಿನ ರೊಸಾರಿಯೊ ದೇವಾಲಯದ, ಅಂದರೆ ಜಪಮಾಲೆ ಮಾತೆಯ ದೇವಾಲಯದ ಚರಿತ್ರೆ 1568ರಿಂದ ಶುರುವಾಗುತ್ತದೆ. ಅದೇ ವರ್ಷ ಪೋರ್ಚುಗೀಸರ ವೈಸರಾಯ್ ಅಂತಾವೊ ದೆ ನೊರೊನ್ಹಾ ಉಳ್ಳಾಲದ ರಾಣಿಯ ಪಡೆಯೊಡನೆ ಕಾದಾಡಿ ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದ. ಕೋಟೆಗೆ ಸಂತ ಸೆಬಾಸ್ಟಿಯನ್ನರ ಹೆಸರಿಟ್ಟ. ಜಪಸರ, ಫಿರಂಗಿ ಎರಡೂ ಒಂದೇ ಹಡಗಿನಿಂದ ಇಳಿದವು. ಈ ಮಾತನ್ನು ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಹೇಳುವುದು ಕಡಿಮೆ. ಹೊರಗಿನವರು ಹೇಳುತ್ತಾರೆ, ಅದೂ ಜಗಳಕ್ಕೆ ನಿಂತಾಗ.

ನಮ್ಮ ಯುವಜನರ ಕೂಟದಲ್ಲಿ ರಾಣಿ ಅಬ್ಬಕ್ಕನ ಮಾತು ಬಂತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಣ್ಣಾ, ಆವಾಗ ನಾವಿದ್ದಿದ್ರೆ ಯಾರ ಕಡೆ ಇರ್ತಿದ್ವಿ?"

ತೆಲುಗು ನಾಡಿನಲ್ಲಿ ಕನ್ನಡದವರು, ಕನ್ನಡದವರಲ್ಲಿ ಕಥೋಲಿಕರು. ಎರಡು ಕಡೆಯಿಂದಲೂ ನಾವು ಬೆರಳೆಣಿಕೆಯ ಜನ. ಕಾಲೇಜು ಹಾಸ್ಟೆಲಿನಲ್ಲೋ ಬಸ್ಸಿನಲ್ಲೋ "ನಿಮ್ಮದು ಪರದೇಶಿ ಧರ್ಮ ಅಲ್ಲವಾ" ಎಂಬ ಮಾತು ಕೇಳದ ಯುವಕ ಯುವತಿಯರು ನಮ್ಮಲ್ಲಿ ಕಡಿಮೆ. ಆದ್ದರಿಂದ ಆ ಹುಡುಗಿಯ ಪ್ರಶ್ನೆ ಚರಿತ್ರೆಯ ಪರೀಕ್ಷೆಯದಲ್ಲ, ಮನಸ್ಸಾಕ್ಷಿಯದು. ಕೊಟ್ಟ ಕೈ ಶುದ್ಧವಾಗಿರದಿದ್ದರೆ, ಪಡೆದ ವರವನ್ನು ನಮ್ಮದೆಂದು ಇಟ್ಟುಕೊಳ್ಳಬಹುದೇ? ಇಟ್ಟುಕೊಂಡರೆ, ಆ ಕೈ ಮಾಡಿದ್ದೆಲ್ಲಕ್ಕೂ ನಾವು ವಕಾಲತ್ತು ವಹಿಸಬೇಕೇ?

ಮೊದಲು ಆ ಬಂದರನ್ನು ನೋಡೋಣ. ಮಂಗಳೂರು ಪೋರ್ಚುಗೀಸರಿಗಾಗಿ ಕಾದು ಕುಳಿತಿದ್ದ ಊರಲ್ಲ. ಅವರು ಬರುವುದಕ್ಕೆ ಮುನ್ನೂರೈವತ್ತು ವರ್ಷಕ್ಕೂ ಮೊದಲೇ, 1132ರ ಹೊತ್ತಿಗೆ, ಟ್ಯುನೀಶಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಅಲ್ಲಿ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಅವಳೊಂದಿಗೆ ಸಂಸಾರ ಮಾಡಿದ. ಬೊಮ್ಮ ಎಂಬ ಅವನ ಆಳು ಅವನ ಪರವಾಗಿ ಏಡನ್‌ವರೆಗೂ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ. ಈ ಪತ್ರಗಳೆಲ್ಲ ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಸಿಕ್ಕಿವೆ. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಅಲ್ಲಿ ಪರ್ಶಿಯಾ, ಯೆಮೆನ್‌ಗಳ ವರ್ತಕರನ್ನು ಕಂಡ. ಅಂದರೆ ಪರದೇಶದವರು ಬಂದರೆಂಬುದೇ ಆ ಊರಿಗೆ ಗಾಯವಲ್ಲ. ಬಂದವರು ಕಡಲೆಲ್ಲ ನಮ್ಮದು, ನಮ್ಮ ಚೀಟಿ ಇಲ್ಲದೆ ಹಡಗು ಬಿಡಬಾರದು, ಕಪ್ಪ ಕೊಡದಿದ್ದರೆ ಸುಡುತ್ತೇವೆ ಎಂದದ್ದು ಗಾಯ. ಉಳ್ಳಾಲದ ರಾಣಿ ಎದ್ದು ನಿಂತದ್ದು ಆ ಮಾತಿನ ಎದುರು. ಶಿಲುಬೆಯ ಎದುರಲ್ಲ.

ಅಬ್ಬಕ್ಕ ಎಂಬ ಒಂದೇ ಹೆಸರಿನಲ್ಲಿ ಜನರು ಒಂದಕ್ಕಿಂತ ಹೆಚ್ಚು ರಾಣಿಯರನ್ನು ನೆನೆಯುತ್ತಾರೆ. ಉಳ್ಳಾಲದ ರಾಣಿಯೊಬ್ಬಳನ್ನು 1623ರಲ್ಲಿ ಕಣ್ಣಾರೆ ಕಂಡು ಬರೆದವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ, ಒಬ್ಬ ಭಕ್ತ ಕಥೋಲಿಕ. ಅವಳು ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳು. ನೋಡಿದರೆ ಅಡುಗೆಮನೆಯ ಆಳಿನಂತೆ ಕಂಡಳಂತೆ. ಬಾಯಿ ತೆರೆದಾಗ ರಾಣಿಯೆಂದು ತಿಳಿಯಿತಂತೆ. ಪೋರ್ಚುಗೀಸರ ಜೊತೆ ಒಂದೇ ಬಲಿಪೂಜೆಯಲ್ಲಿ ಮೊಣಕಾಲೂರುತ್ತಿದ್ದವನಿಗೆ ಅವರ ವೈರಿಯ ಮನೆತನದಲ್ಲಿ ಘನತೆ ಕಾಣಿಸಿತು. ಇವತ್ತು ನಮ್ಮ ಕರಾವಳಿ ರಕ್ಷಣಾ ಪಡೆಯ ಹಡಗೊಂದಕ್ಕೆ ಅಬ್ಬಕ್ಕನ ಹೆಸರಿದೆ. ಅವಳನ್ನು ಹೊಗಳಲು ಕಥೋಲಿಕರಾದ ನಾವು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇನ್ನೊಂದು ವಿಷಯ ನಮ್ಮಲ್ಲೇ ಅನೇಕರಿಗೆ ಗೊತ್ತಿಲ್ಲ. ಮಂಗಳೂರಿನ ಕಥೋಲಿಕರಲ್ಲಿ ಹೆಚ್ಚಿನವರ ಹಿರಿಯರು ಕೋಟೆಯ ಜೊತೆ ಬಂದವರಲ್ಲ. ಗೋವೆಯಿಂದ ಗಂಟುಮೂಟೆ ಕಟ್ಟಿಕೊಂಡು ಓಡಿ ಬಂದ ಕೊಂಕಣಿ ಜನ. ಬರ, ಯುದ್ಧ, ತೆರಿಗೆ ಒಂದು ಕಡೆ. 1560ರಲ್ಲಿ ಗೋವೆಯಲ್ಲಿ ಶುರುವಾದ ಇನ್ಕ್ವಿಸಿಷನ್ ವಿಚಾರಣೆಯ ಭಯ ಇನ್ನೊಂದು ಕಡೆ. ಹಳೆಯ ಹಾಡು, ಮದುವೆಯ ಶಾಸ್ತ್ರ, ಉಡುಗೆ, ಊಟ, ಎಲ್ಲದರ ಮೇಲೂ ಕಣ್ಣಿತ್ತು. ಯೇಸುಸ್ವಾಮಿಯನ್ನು ಬಿಡದೆ, ಕೊಂಕಣಿಯನ್ನೂ ಬಿಡದೆ ಬದುಕಲು ಅವರು ಪೋರ್ಚುಗೀಸರ ನೆಲದಿಂದಲೇ ದೂರ ಬಂದರು. ಒಳ್ಳೆಯ ಬೇಸಾಯಗಾರರೆಂದು ಅವರಿಗೆ ಭೂಮಿ ಕೊಟ್ಟವರು ಕೆಳದಿಯ ನಾಯಕರು, ಲಿಂಗವಂತ ಅರಸರು. ಹಾಗಿದ್ದರೆ ಇವರು ಯಾರ ಕಡೆಯವರು?

ಲೋಕ ಅಷ್ಟು ಸೂಕ್ಷ್ಮವಾಗಿ ಕೇಳುವುದಿಲ್ಲ. 1784ರ ವಿಭೂತಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಸಾವಿರಾರು ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಚರ್ಚುಗಳು ನೆಲಸಮವಾದವು. ಉಳಿದವರು ಮರಳಿದ್ದು 1799ರ ನಂತರ, ಹದಿನೈದು ವರ್ಷ ಕಳೆದ ಮೇಲೆ. ಕೆಲವರು ನೆರವು ಕೊಟ್ಟಿರಬಹುದು. ಹಾಲು ಕುಡಿಯುವ ಮಗು ಯಾರಿಗೆ ನೆರವು ಕೊಟ್ಟಿತ್ತು? "ಪರದೇಶಿಗಳ ಕಡೆಯವರು" ಎಂಬ ಮಾತನ್ನು ಒಂದು ಇಡೀ ಜನಕ್ಕೆ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಅದೇ ನ್ಯಾಯದಿಂದ, ಟಿಪ್ಪುವಿನ ಕೃತ್ಯವನ್ನು ಇಂದಿನ ಮುಸಲ್ಮಾನ ನೆರೆಯವರ ತಲೆಗೆ ಕಟ್ಟುವುದೂ ಅದೇ ತಪ್ಪೇ. ಬಾಬಯ್ಯನ ದರ್ಗಾದ ಊರಿನಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರಶ್ನೆಗೆ ಬರೋಣ. ಸುಲಭದ ಉತ್ತರಗಳು ಎರಡಿವೆ. ಒಂದು: "ಏನೇ ಆಗಲಿ, ಅವರು ಬರದಿದ್ದರೆ ನಮಗೆ ಶುಭಸಂದೇಶ ಸಿಗುತ್ತಿರಲಿಲ್ಲ, ಆದ್ದರಿಂದ ಆದದ್ದೆಲ್ಲ ಒಳ್ಳೆಯದಕ್ಕೇ." ಇನ್ನೊಂದು: "ಹಿಂಸೆಯ ಜೊತೆ ಬಂದದ್ದು ಹಿಂಸೆಯೇ, ಬಿಟ್ಟುಬಿಡಿ." ಎರಡೂ ಒಂದೇ ಲೆಕ್ಕ ಹಾಕುತ್ತವೆ: ವರ ಮತ್ತು ಕೈ ಬೇರೆ ಬೇರೆಯಲ್ಲ ಎಂದು.

ಆದಿಕಾಂಡದ ಜೋಸೆಫನನ್ನು ನೆನೆಯಿರಿ. ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಮಾರಿದ್ದರಿಂದಲೇ ಅವನು ಈಜಿಪ್ಟಿಗೆ ಹೋದ, ಹೋದದ್ದರಿಂದಲೇ ಬರಗಾಲದಲ್ಲಿ ಅವರೆಲ್ಲರಿಗೂ ಕಾಳು ಸಿಕ್ಕಿತು. ಆದರೂ ಅವನು "ನೀವು ಮಾರಿದ್ದು ಸರಿ" ಎನ್ನಲಿಲ್ಲ. ನೀವು ಬಗೆದದ್ದು ಕೇಡು, ದೇವರು ಅದರಿಂದ ಒಳಿತನ್ನು ತೆಗೆದರು ಎಂದ. ಕೇಡನ್ನು ಕೇಡೆಂದು ಹೆಸರಿಟ್ಟು ಕರೆದ, ಕಾಳನ್ನು ಚೆಲ್ಲಲಿಲ್ಲ. ನನಗೆ ತಿಳಿದಮಟ್ಟಿಗೆ ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. 2000ನೇ ವರ್ಷದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪೌಲರು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಬಳಸಿದ ಹಿಂಸೆಗಾಗಿ ಸಾರ್ವಜನಿಕವಾಗಿ ದೇವರ ಕ್ಷಮೆ ಬೇಡಿದರು. ಜಗದ್ಗುರುಗಳೇ ಒಪ್ಪಿಕೊಂಡದ್ದನ್ನು ನಾವು ಬಸ್ಸಿನಲ್ಲಿ ಅಲ್ಲಗಳೆಯುತ್ತ ಕೂರುವುದು ಯಾಕೆ?

ಇದನ್ನು ಬದುಕಿ ತೋರಿಸಿದ ಇನ್ನೊಂದು ಬಂದರು ಫಿಲಿಪೀನ್ಸಿನ ಸೆಬು. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧವಾಗಿ ವಿಜಯನಗರ ಹಾಳಾಯಿತು, ತಿರುಮಲರಾಯ ನಮ್ಮ ಪೆನುಕೊಂಡಕ್ಕೆ ಬಂದ. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಪೇನಿನ ಲೆಗಾಸ್ಪಿ ಸೆಬುವಿನ ಮೇಲೆ ಫಿರಂಗಿ ಹಾರಿಸಿದ. ಸುಟ್ಟ ಮನೆಗಳ ನಡುವೆ ಉಳಿದಿದ್ದ ಒಂದು ಮನೆಯಲ್ಲಿ ಸೈನಿಕನೊಬ್ಬನಿಗೆ ಪೆಟ್ಟಿಗೆಯೊಳಗೆ ಬಾಲಯೇಸುವಿನ ಪ್ರತಿಮೆ ಸಿಕ್ಕಿತು. ಅದು 1521ರಲ್ಲಿ ಮೆಗಲನ್ ಬಂದಾಗ ಅಲ್ಲಿನ ರಾಣಿಗೆ ಕೊಟ್ಟದ್ದು. ನಲವತ್ತನಾಲ್ಕು ವರ್ಷ, ಒಬ್ಬ ಗುರುವೂ ಇಲ್ಲದೆ, ಅದನ್ನು ಕಾಪಾಡಿದವರು ಊರಿನವರು. ಎರಡನೇ ಸಲ ಸ್ಪೇನಿನವರು ಬರುವ ಹೊತ್ತಿಗೆ ಆ ಬಾಲಯೇಸು ಅವರಿಗಿಂತ ಹೆಚ್ಚಾಗಿ ಸೆಬುವಿನವನಾಗಿದ್ದ.

ಅದೇ ಮೆಗಲನ್ನನ್ನು 1521ರ ಏಪ್ರಿಲ್ 27ರಂದು ಎದುರಿನ ಮಕ್ತಾನ್ ದ್ವೀಪದಲ್ಲಿ ಲಾಪು-ಲಾಪು ಎಂಬ ಮುಖಂಡನ ಜನ ಕೊಂದರು. ಇವತ್ತು ಮಕ್ತಾನ್‌ನ ನಗರಕ್ಕೆ ಲಾಪು-ಲಾಪುವಿನದೇ ಹೆಸರು, ಅವನ ದೊಡ್ಡ ಪ್ರತಿಮೆಯೂ ಇದೆ. ಅದೇ ಆವರಣದಲ್ಲಿ ಮೆಗಲನ್ನನ ಸ್ಮಾರಕವೂ ನಿಂತಿದೆ. ಆ ನಗರದ ಜನರಲ್ಲಿ ಹೆಚ್ಚಿನವರು ಕಥೋಲಿಕರು. ಪ್ರತಿ ಜನವರಿಯ ಮೂರನೇ ಭಾನುವಾರ ಸೆಬುವಿನ ಬೀದಿಗಳಲ್ಲಿ ಬಾಲಯೇಸುವಿಗಾಗಿ ಕುಣಿಯುತ್ತಾರೆ. ಲಾಪು-ಲಾಪು ವೀರ, ಬಾಲಯೇಸು ಒಡೆಯ. ಎರಡಕ್ಕೂ ಜಗಳವಿಲ್ಲ.

ನಮ್ಮ ಕಡೆ ವಿಶ್ವಾಸ ಬಂದದ್ದು ಹಡಗಿನ ಫಿರಂಗಿಯ ಹಿಂದೆ ಅಲ್ಲ, ಕಾಲ್ನಡಿಗೆಯಲ್ಲಿ ಎಂದು ಹೆಮ್ಮೆಪಡುವವರಿದ್ದಾರೆ. ನಿಜವೇ. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಚಿನ್ನಮಿ ಸ್ವಾಮಿಗಳು ಕನ್ನಡ ಕಲಿತು ಕನ್ನಡದಲ್ಲೇ ಧರ್ಮಬೋಧೆ ಬರೆದರು. 18ನೇ ಶತಮಾನದಲ್ಲಿ ಪುಂಗನೂರು ಕಡೆಯಿಂದ ಈ ಸೀಮೆಗೆ ಬಂದ ಫ್ರೆಂಚ್ ಜೆಸ್ವಿಟರು ಕಾವಿ ಉಟ್ಟು, ಮಾಂಸ ಬಿಟ್ಟು ಸನ್ಯಾಸಿಗಳಂತೆ ಬದುಕಿದರು. ಆದರೆ ಮೇಲುಜಾತಿಯವರು ದೂರ ಸರಿದಾರೆಂಬ ಅಂಜಿಕೆಯಿಂದ ಕೆಳಗಿನವರೆನಿಸಿಕೊಂಡವರನ್ನು ಬೇರೆಯಾಗಿಟ್ಟದ್ದೂ ಅದೇ ಮಿಷನ್ನಿನಲ್ಲೇ. ದಕ್ಷಿಣದ ಎಷ್ಟೋ ಚರ್ಚುಗಳಲ್ಲಿ ಯಾರು ಎಲ್ಲಿ ಕೂರಬೇಕು, ಯಾರನ್ನು ಎಲ್ಲಿ ಹೂಳಬೇಕು ಎಂಬುದು ತುಂಬಾ ಕಾಲ ಜಾತಿಯ ಲೆಕ್ಕದಲ್ಲೇ ನಡೆಯಿತು. ಅದಕ್ಕೆ ಯಾವ ಹಡಗೂ ಬೇಕಾಗಲಿಲ್ಲ. ಪರದೇಶಿ ಕೈಯ ಕೊಳೆ ತೋರಿಸುವ ಉತ್ಸಾಹದಲ್ಲಿ ನಮ್ಮ ಕೈ ತೊಳೆಯುವುದನ್ನು ಮರೆಯಬಾರದು. ನನ್ನ ಮಟ್ಟಿಗೆ ಅಬ್ಬಕ್ಕನ ಪ್ರಶ್ನೆಗಿಂತ ಇದೇ ಕಷ್ಟದ್ದು.

ನಮ್ಮ ಹೊಲಗಳನ್ನು ನೋಡಿ. ಅನಂತಪುರ ಸೀಮೆಯೆಂದರೆ ಕಡಲೆಕಾಯಿ. ಅದು ದಕ್ಷಿಣ ಅಮೆರಿಕದ ಬೆಳೆ. ಮೆಣಸಿನಕಾಯಿಯೂ ಅಮೆರಿಕದ್ದೇ, ಕಡಲಾಚೆಯಿಂದ ಹಡಗಿನಲ್ಲೇ ಬಂದವು. ತಮಿಳು ಕಡೆಯ ಹಿರಿಯರು ಕಡಲೆಕಾಯಿಗೆ ಫಿಲಿಪೀನ್ಸಿನ ರಾಜಧಾನಿಯ ಹೆಸರು ಸೇರಿಸಿ "ಮಣಿಲಾ ಕೊಟ್ಟೈ" ಎನ್ನುತ್ತಾರೆ. ನಮ್ಮ ಚಟ್ನಿ ಪರದೇಶಿ ಎಂದು ಯಾರೂ ಜಗಳ ತೆಗೆದಿಲ್ಲ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು ಎಂಬುದು ಗೊತ್ತು: ಕಡಲೆಕಾಯಿ ಯಾರ ಮನಸ್ಸಾಕ್ಷಿಯನ್ನೂ ಕೇಳುವುದಿಲ್ಲ, ವಿಶ್ವಾಸ ಕೇಳುತ್ತದೆ. ಆದರೆ ಬೀಜ ಯಾರ ಮುಷ್ಟಿಯಲ್ಲಿ ಬಂತು ಎಂಬುದರಷ್ಟೇ, ಯಾರ ಬೆವರಿನಿಂದ ಈ ಮಣ್ಣಿನಲ್ಲಿ ಬೇರು ಬಿಟ್ಟಿತು ಎಂಬುದೂ ಅದರ ಚರಿತ್ರೆಯೇ.

ಮಂಗಳೂರಿನವರು ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನನದ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವಾದ ಮಾಡಿಸಿ ಮನೆಗೆ ಒಯ್ಯುತ್ತಾರೆ. ಆ ಅಕ್ಕಿಯ ಊಟವಾದ ಮೇಲೆಯೇ ಹೊಸ ವರ್ಷದ ಫಸಲು ಅವರದಾಗುತ್ತದೆ. ಗೋವೆಯ ಕೋಟೆಯಿಂದ ಕಲಿತದ್ದಲ್ಲ ಅದು, ಹೊಲದಿಂದ ಕಲಿತದ್ದು. ಈ ವರ್ಷ ನಮ್ಮಲ್ಲೂ ಹಾಗೆ ಮಾಡೋಣವೆಂದು ಯುವಜನರು ಕೇಳಿದ್ದಾರೆ. ಭತ್ತ ನಮ್ಮಲ್ಲಿ ಎಲ್ಲಿದೆ, ಕಡಲೆಕಾಯಿ ಗಿಡವನ್ನೇ ಕಿತ್ತು ತರಬಹುದೇ ಎಂದು ಕಲ್ಯಾಣದುರ್ಗದ ಕಡೆಯವರು ವಿಚಾರಿಸಿದರು. ಫಾದರ್ ತರಲಿ ಎಂದಿದ್ದಾರೆ, ಬೇರಿನ ಮಣ್ಣು ಮಾತ್ರ ಹೊರಗೇ ಕೊಡವಿ ಬನ್ನಿ ಎಂದಿದ್ದಾರೆ.