ಬಚ್ಚಲುಮನೆಯ ಅಲಂಕಾರ

ಮನೆಯ ಅಲಂಕಾರವೆಂದೊಡನೆ ನಮ್ಮ ಹಿರಿಯರ ಕಣ್ಣಮುಂದೆ ನಿಲ್ಲುತ್ತಿದ್ದವು ತಲೆಬಾಗಿಲು, ಪಡಸಾಲೆ, ದೇವರಕೋಣೆಗಳು. ಬಚ್ಚಲುಮನೆಯಾದರೋ ಹಿತ್ತಲ ಮಗ್ಗುಲಲ್ಲಿ, ಹೊಗೆಯಿಂದ ಕಪ್ಪಿಟ್ಟ ಗೋಡೆಗಳ ನಡುವೆ, ಒಂದು ಹಂಡೆ, ಒಂದು ಒಲೆ, ಒಂದು ತಂಬಿಗೆ, ಕಾಲೂರಲು ಒಂದು ಶಹಾಬಾದಿ ಫರಸಿ, ಇಷ್ಟರಿಂದಲೇ ತೃಪ್ತವಾಗಿರುತ್ತಿತ್ತು. ಈಗ ಕಾಲವು ತಿರುಗಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದವರನ್ನು ಮನೆಯೊಡೆಯರು ದೇವರಕೋಣೆಯನ್ನು ತೋರಿಸಿದ ಬಳಿಕ ಬಚ್ಚಲುಮನೆಗೂ ಕರೆದೊಯ್ಯುವದುಂಟು. ಗುಜರಾತದ ಮೊರ್ಬಿಯಿಂದ ಬಂದ, ಅಮೃತಶಿಲೆಯನ್ನು ನಾಚಿಸುವ ದೊಡ್ಡ ಟೈಲುಗಳು ಛಾವಣಿಯವರೆಗೆ ಏರಿರುವವು. ಮೀಯುವ ಭಾಗವನ್ನು ಗಾಜಿನ ಗೋಡೆಯೊಂದು ಬೇರ್ಪಡಿಸಿರುವದು. ನಳಗಳು ಹೊಳೆಯುವ ಬೆಳ್ಳಿಯ ಬಣ್ಣವನ್ನು ಬಿಟ್ಟು ಹೊಳಪಿಲ್ಲದ ಕಪ್ಪನ್ನು ಉಟ್ಟಿರುವವು. ದುಂಡು ಕನ್ನಡಿಯ ಹಿಂದಿನಿಂದ ಮೃದುವಾದ ಬೆಳಕು, ಮೂಲೆಯಲ್ಲಿ ಕುಂಡದ ಹಸುರು ಗಿಡ. ನೋಡಿದವರು ತಲೆದೂಗುವರು, ಕೆಲವರು ಹೊರಗೆ ಬಂದು ಪಿಸುಗುಟ್ಟುವರು: “ಮೈಯ ಕೊಳೆ ತೊಳೆಯುವ ಜಾಗಕ್ಕೆ ಇಷ್ಟೊಂದು ಶೃಂಗಾರವೇ?”

ಈ ಪಿಸುಮಾತಿನಲ್ಲಿ ಒಂದು ನೈತಿಕ ಪ್ರಶ್ನೆಯು ಅಡಗಿದೆ. ಅದನ್ನು ನಗೆಯಲ್ಲಿ ತೇಲಿಸದೆ ವಿಚಾರಿಸುವದು ಯುಕ್ತವೆಂದು ನನಗೆ ತೋರುವದು.

ಮೊದಲು ಅಲಂಕಾರದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. ಸುಮಾರು 4,500 ವರ್ಷಗಳ ಹಿಂದಿನ ಮೊಹೆಂಜೊದಾರೊ ನಗರದಲ್ಲಿ ಬಹುಪಾಲು ಮನೆಗಳಿಗೆ ಇಟ್ಟಿಗೆ ಹಾಸಿದ ಬಚ್ಚಲುಗಳಿದ್ದು, ಅವುಗಳ ನೀರು ಬೀದಿಯ ಮೋರಿಯನ್ನು ಸೇರುತ್ತಿತ್ತು. ನಮ್ಮ ರಾಣೇಬೆನ್ನೂರು ತಾಲೂಕಿನ ಅಂಚನ್ನು ತೊಯ್ಯಿಸಿ ಹರಿಯುವ ತುಂಗಭದ್ರೆಯೇ ಮುಂದೆ ಹಂಪೆಯನ್ನು ಮುಟ್ಟುವದಷ್ಟೆ. ಅಲ್ಲಿ ರಾಣಿಯರ ಸ್ನಾನಗೃಹವೆಂದು ಕರೆಯುವ ಕಟ್ಟಡವನ್ನು ನೋಡಿದವರು ಬಲ್ಲರು: ಹೊರಗಿನಿಂದ ಅದು ಬೋಳು ಗೋಡೆ, ಒಳಗೆ ಹೋದರೆ ಕಮಾನುಗಳ ಪಡಸಾಲೆ, ಗಾರೆಯ ಕುಸುರಿ, ಕೊಳದ ಮೇಲೆ ಚಾಚಿದ ಮೊಗಸಾಲೆಗಳು. ಪರರ ಕಣ್ಣಿಗಾಗಿ ಮಾಡುವ ಅಲಂಕಾರವು ಹೊರಗಿರುವದು. ತನ್ನ ಮನಸ್ಸಿನ ಸಮಾಧಾನಕ್ಕಾಗಿ ಮಾಡುವದು ಒಳಗಿರುವದು. ಆ ದೃಷ್ಟಿಯಿಂದ ಯಾರೂ ಕಾಣದ ಕೋಣೆಯನ್ನು ಚೆಂದಗೊಳಿಸುವವನು ಪಡಸಾಲೆಯನ್ನು ಮಾತ್ರ ಸಿಂಗರಿಸುವವನಿಗಿಂತ ಹೆಚ್ಚು ಪ್ರಾಮಾಣಿಕನೆಂದೇ ಹೇಳಬೇಕು.

ಇಷ್ಟು ದೂರ ಹೋಗುವದೇಕೆ? ಬಚ್ಚಲನ್ನು ಅಲಂಕರಿಸುವದು ನಮ್ಮ ಮನೆಗಳಿಗೇ ಹೊಸತಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹಿಂಡಲಕಾಯಿಯ ಬಳ್ಳಿಯನ್ನು ಅದರ ಕೊರಳಿಗೆ ಸುತ್ತಿ, ರಂಗೋಲಿಯಿಟ್ಟು, ಹೊಸ ನೀರನ್ನು ತುಂಬಿ ಪೂಜಿಸುತ್ತಿದ್ದ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಶೃಂಗಾರವು ಗೋಡೆಗೆ ಸಲ್ಲುತ್ತಿರಲಿಲ್ಲ, ಮೀಯುವವನಿಗೂ ಸಲ್ಲುತ್ತಿರಲಿಲ್ಲ, ನೀರಿಗೆ ಸಲ್ಲುತ್ತಿತ್ತು. ಭೇದವು ಇಲ್ಲಿದೆ. ಹಿಂದಿನ ಅಲಂಕಾರಕ್ಕೆ ನೀರೇ ದೇವತೆ. ಇಂದಿನ ಅಲಂಕಾರಕ್ಕೆ ನೀರು ಕೇವಲ ಪರಿಚಾರಿಕೆ.

ಆದುದರಿಂದ ಬಚ್ಚಲುಮನೆಯ ಚೆಲುವನ್ನು ಅಳೆಯುವ ಮೊದಲನೆಯ ಕೋಲು ನೀರೇ ಆಗಬೇಕು. ಗೋಡೆಯ ಮೇಲಿನ ಜಲ್ಲರಿಯಿಂದ ನಿಮಿಷಕ್ಕೆ ಸುಮಾರು 10 ಲೀಟರು ನೀರು ಸುರಿದರೆ, ಹತ್ತು ನಿಮಿಷದ ಸ್ನಾನಕ್ಕೆ 100 ಲೀಟರಾಯಿತು. ಎಂದರೆ 20 ಲೀಟರಿನ ಐದು ಬಕೀಟು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನ ದಿನದ ಎಲ್ಲ ಅವಶ್ಯಕತೆಗೂ ಗೊತ್ತುಪಡಿಸಿದ ಪ್ರಮಾಣವು 55 ಲೀಟರು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿಸಲ್ಪಟ್ಟುದನ್ನು ನಾವು ಮರೆತಿಲ್ಲ. ನೆರೆಯ ಹಳ್ಳಿಯ ಇಬ್ಬರ ಪಾಲಿನಷ್ಟು ನೀರನ್ನು ಒಂದೇ ಸ್ನಾನದಲ್ಲಿ ಮೋರಿಗೆ ಬಿಡುವ ಕೋಣೆಯು ಎಷ್ಟೇ ಸುಂದರವಾಗಿದ್ದರೂ ಅದರ ಸೌಂದರ್ಯದಲ್ಲಿ ಒಂದು ಸಾಲವಿದೆ.

ಎರಡನೆಯ ಕೋಲು ಮನೆಯ ಅತ್ಯಂತ ದುರ್ಬಲರ ಕಾಲು. ಕನ್ನಡಿಯಂತೆ ಹೊಳೆಯುವ ನೆಲವು ಸೋಪಿನ ನೀರು ಬಿದ್ದೊಡನೆ ಎಪ್ಪತ್ತರ ಅಜ್ಜಿಗೆ ಶತ್ರುವಾಗುವದು. ಹಳೆಯ ಫರಸಿಯು ಒರಟಾಗಿದ್ದುದೇ ಅದರ ಕರುಣೆ. ಇತ್ತ ಹೊಸ ಪದ್ಧತಿಯಲ್ಲಿಯೂ ಕರುಣೆಯಿಲ್ಲದಿಲ್ಲ: ಮೊಣಕಾಲು ಮಡಿಸಲಾರದ ಮುದುಕರಿಗೆ ಕುರ್ಚಿಯಂಥ ಶೌಚಪೀಠವು ವರವೇ ಸರಿ. ಹೊಳಪಿಲ್ಲದ ಟೈಲು, ಗೋಡೆಗೊಂದು ಹಿಡಿಕೆ, ಕೂಡ್ರಲು ಒಂದು ಮಣೆ, ಇವು ಅಲಂಕಾರಗಳಲ್ಲವೆಂದು ಯಾರು ಹೇಳಿದರು?

ಮೂರನೆಯ ಕೋಲಿನ ಮಾತನ್ನು ಹೇಳಲು ನನ್ನ ಮನೆಯ ತಪ್ಪನ್ನೇ ಒಪ್ಪಿಕೊಳ್ಳಬೇಕಾಗಿದೆ. ಬ್ಯಾಡಗಿಯ ನಮ್ಮ ಮನೆಯ ಬಚ್ಚಲನ್ನು ಕೆಲವು ವರ್ಷಗಳ ಕೆಳಗೆ ಹೊಸ ರೀತಿಯಲ್ಲಿ ಮಾಡಿಸಿದೆವು. ಅದನ್ನು ನಿತ್ಯವೂ ತೊಳೆದು ಥಳಥಳಿಸುವಂತೆ ಇಡುವವಳು ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳು. ಸುಗ್ಗಿಯ ದಿನಗಳಲ್ಲಿ ಆಕೆ ಮನೆಗೆಲಸ ಮುಗಿಸಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವಳು. ನಮ್ಮ ಊರಿನ ಹೆಸರನ್ನು ಲೋಕಕ್ಕೆ ಒಯ್ದ ಆ ಕೆಂಪು ಕಾಯಿಯ ಘಾಟು ಆಕೆಯ ಕೈಗೂ ಕಣ್ಣಿಗೂ ಏನು ಮಾಡುವದೆಂಬುದನ್ನು ಬಲ್ಲವರೇ ಬಲ್ಲರು. ಒಂದು ದಿನ ಮಧ್ಯಾಹ್ನ ಆಕೆ ಆತುರದಿಂದ ಬಂದು ನನ್ನ ಪತ್ನಿಯೊಡನೆ ಮೆಲ್ಲನೆ ಏನೋ ಕೇಳಿದಳು. ನಮ್ಮವರು ಹಿತ್ತಲಿನ ಹಳೆಯ ಪಾಯಖಾನೆಯನ್ನು ತೋರಿಸಿದರು. ಅದರ ಕದ ಮುರಿದಿತ್ತು. ಆಕೆ ನಕ್ಕು, “ಇರ್ಲಿ ಬಿಡ್ರಿ ಅಕ್ಕಾರ, ಮನಿಗೇ ಹೋಗ್ತೀನಿ,” ಎಂದು ಹೊರಟುಹೋದಳು. ಪತ್ರಿಕೆಯ ಹಿಂದೆ ಮುಖವನ್ನಿಟ್ಟು ಕುಳಿತಿದ್ದ ನಾನು ಎಲ್ಲವನ್ನೂ ಕೇಳಿದೆನು, ಮಾತಾಡಲಿಲ್ಲ. ತಾನೇ ಬೆಳಗಿದ ನೆಲದ ಮೇಲೆ ಕಾಲಿಡುವ ಅಧಿಕಾರವು ಆಕೆಗಿರಲಿಲ್ಲ. ಹಾಗೆಂದು ನಾವು ಯಾರೂ ಎಂದೂ ಹೇಳಿರಲಿಲ್ಲ. ಹೇಳುವ ಅವಶ್ಯಕತೆಯೇ ಇರಲಿಲ್ಲ. ಅದೇ ನನ್ನನ್ನು ಹೆಚ್ಚಾಗಿ ಬಾಧಿಸಿತು.

ಇದು ನನ್ನ ಒಂದು ಮನೆಯ ಕಥೆಯೆ? 1896ರಲ್ಲಿ, ಮುಂಬಯಿಯ ಪ್ಲೇಗು ರಾಜಕೋಟೆಗೂ ಬಂದೀತೆಂಬ ಭೀತಿಯಿದ್ದಾಗ, ಅಲ್ಲಿಯ ಪಾಯಖಾನೆಗಳನ್ನು ಪರೀಕ್ಷಿಸಲು ಹೊರಟ ಗಾಂಧಿಯವರಿಗೆ ಬಡವರು ಬಾಗಿಲು ತೆರೆದರು. ಶ್ರೀಮಂತರಲ್ಲಿ ಕೆಲವರು ಒಳಗೇ ಬಿಡಲಿಲ್ಲ. ನಮ್ಮ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ, ಊರಿನ ಮಲವನ್ನು ತಲೆತಲಾಂತರದಿಂದ ಎತ್ತಿದ ಭಂಗಿ ಜನರು, ತಮ್ಮನ್ನು ವಾಸಸ್ಥಾನದಿಂದ ಎಬ್ಬಿಸುವ ಯತ್ನವನ್ನು ಪ್ರತಿಭಟಿಸಿ, ಪುರಸಭೆಯ ಮುಂದೆ ಆ ಮಲವನ್ನೇ ತಮ್ಮ ಮೈಮೇಲೆ ಸುರಿದುಕೊಂಡರು. ಮಲ ಹೊರಿಸುವದನ್ನು ನಿಷೇಧಿಸಿದ ಕಾಯಿದೆಯು 1993ರಲ್ಲಿಯೇ ಆಗಿತ್ತು. 2013ರಲ್ಲಿ ಇನ್ನೊಂದು ಆಯಿತು. ನಮ್ಮ ಬಚ್ಚಲಿನ ಟೈಲಿನ ಹೊಳಪನ್ನು ಹೊಗಳುವಾಗ ಆ ದಿನದ ಸವಣೂರನ್ನು ನೆನೆಯದಿರುವದು ಹೇಗೆ? ನಾವು ನೀರು ಸುರಿದು ಕಣ್ಣಿನಿಂದ ಮರೆಮಾಡಿದುದು ಲೋಕದಿಂದ ಮಾಯವಾಗುವದಿಲ್ಲ. ಯಾರದೋ ಕೈಯನ್ನು ತಲುಪುವದು.

ಪತಂಜಲಿಯು ನಿಯಮಗಳನ್ನು ಎಣಿಸುವಾಗ ಶೌಚವನ್ನೇ ಮೊದಲಿಟ್ಟನು. ಆದರೆ ಶೌಚವೆಂದರೆ ಕೊಳೆಯನ್ನು ನನ್ನಿಂದ ತೆಗೆದು ಇನ್ನೊಬ್ಬರ ಮೇಲೆ ಇಡುವದಲ್ಲವಷ್ಟೆ. ಇದರಿಂದ ಅಲಂಕಾರವೇ ಪಾಪವೆಂಬ ನಿರ್ಣಯಕ್ಕೆ ಬರುವವರು ಅವಸರಪಡುತ್ತಾರೆ. ಹೊಗೆಯ ಬಚ್ಚಲಿನಲ್ಲಿ ಒದ್ದೆ ಸೌದೆಯನ್ನೂದಿ ಕಣ್ಣು ಕೆಡಿಸಿಕೊಂಡ ನಮ್ಮ ತಾಯಂದಿರಿಗೆ ಬೆಳಕೂ ಗಾಳಿಯೂ ಇರುವ ಕೋಣೆಯು ಎಂದೋ ಸಲ್ಲಬೇಕಾಗಿತ್ತು. ಚೆಲುವು ಬೇಡವೆಂದಲ್ಲ, ಚೆಲುವಿನ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಮರುವಾರ ನಾನು ಹಿತ್ತಲಿನ ಕದವನ್ನು ರಿಪೇರಿ ಮಾಡಿಸಲು ಬಡಿಗನನ್ನು ಕರೆಯಹೊರಟಾಗ ನನ್ನ ಪತ್ನಿಯು ತಡೆದರು. “ಆ ಕದ ಮಾಡಿಸಿದರೆ ಆಕೆ ಎಂದಿಗೂ ಹಿತ್ತಲಿಗೇ ಹೋಗಬೇಕಾದೀತು,” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಅವರೇ ಆಕೆಯನ್ನು ಒಳಗೆ ಕರೆದು ಹೊಸ ಬಚ್ಚಲಿನ ಬಾಗಿಲನ್ನು ತೋರಿಸಿ, ಒಂದು ತೊಳೆದ ಟವೆಲನ್ನು ಕೊಟ್ಟರು. ಆಕೆ ಮೂರು ದಿನ ಸಂಕೋಚಪಟ್ಟಳು. ನಾಲ್ಕನೆಯ ದಿನ ಮೆಣಸಿನಕಾಯಿಯ ಘಾಟಿನಿಂದ ಉರಿಯುವ ಕೈಗಳನ್ನು ಅಲ್ಲಿಯೇ ತೊಳೆದುಕೊಂಡಳು. ಹಳೆಯ ರೂಢಿಯ ನನ್ನ ಮನಸ್ಸು ಆ ಕ್ಷಣದಲ್ಲಿ ಸ್ವಲ್ಪ ಮುದುಡಿತೆಂಬುದನ್ನೂ ಮುಚ್ಚಿಡಲಾರೆ. ಗೋಡೆಗೆ ಟೈಲು ಹಚ್ಚಲು ಗೌಂಡಿಗೆ ಹದಿನೈದು ದಿನ ಸಾಕಾಗಿತ್ತು. ಈ ಕೆಲಸಕ್ಕೆ ಎಷ್ಟು ದಿನ ಹಿಡಿದೀತೋ ನಾನರಿಯೆ. ಆದರೆ ಬಚ್ಚಲುಮನೆಯ ಅಲಂಕಾರವು ಅಲ್ಲಿಂದಲೇ ಮೊದಲಾಗಬೇಕೆಂಬುದು ನನಗೆ ನಿಶ್ಚಯವಾಗಿದೆ.