ಬಿದ್ದರೂ ಬೀಳದ ವಿಮಾನ

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಇಲ್ಲದ ವಿಮಾನವನ್ನು, ಇಲ್ಲದ ಪ್ರಯಾಣಿಕರ ಸಮೇತ, ಇಲ್ಲದ ಗುಡ್ಡಕ್ಕೆ ಬಡಿದವನು ಏನನ್ನಾದರೂ ಮಾಡಿದಂತಾಯಿತೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಗಲ್ಫಿನಿಂದ ಬರುವ ಪೆಟ್ಟಿಗೆಯಲ್ಲಿ ಹಿಂದೆ ಟೇಪ್‌ರೆಕಾರ್ಡರ್ ಇರುತ್ತಿತ್ತು, ಈಗ ವಿ.ಆರ್. ಹೆಡ್‌ಸೆಟ್ ಇರುವುದೂ ಉಂಟು. ಅದನ್ನು ಕಣ್ಣಿಗೆ ಕಟ್ಟಿ, ಕಂಪ್ಯೂಟರಿಗೆ ಜೋಡಿಸಿ, ಮಕ್ಕಳು ವಿಮಾನ ಹಾರಿಸುತ್ತಾರೆ. 2020ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಜಗತ್ತಿನ ಸಾವಿರಾರು ವಿಮಾನ ನಿಲ್ದಾಣಗಳಿವೆ. ನಮ್ಮ ಬಜಪೆಯದ್ದೂ ಇದೆ.

ಜೋಡಿಸುವುದು ಸುಲಭದ ಕೆಲಸವಲ್ಲ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬೇಕು. ತಲೆ ಅಲುಗಿದಂತೆ ಸೆಕೆಂಡಿಗೆ ಹತ್ತಾರು ಬಾರಿ ಅವನ್ನು ಹೊಸದಾಗಿ ಬಿಡಿಸಬೇಕು. ಕಂಪ್ಯೂಟರಿಗೆ ಶಕ್ತಿ ಸಾಲದಿದ್ದರೆ ಚಿತ್ರ ತಡವರಿಸುತ್ತದೆ, ತಲೆ ಸುತ್ತುತ್ತದೆ. ಕೇಬಲ್ ಬದಲಿಸುವುದು, ಚಿತ್ರದ ಸ್ಪಷ್ಟತೆಯನ್ನು ಸ್ವಲ್ಪ ಇಳಿಸಿ ನೋಡುವುದು, ಪುನಃ ಏರಿಸುವುದು, ಹೀಗೆ ರಾತ್ರಿಗಳೇ ಕಳೆಯುತ್ತವೆ. ಈ ತಾಳ್ಮೆಯ ಕಾಲು ಪಾಲು ತಜ್‌ವೀದಿನ ಪಾಠಕ್ಕೆ ಸಿಕ್ಕಿದ್ದರೆ ಎಂದು ಮದ್ರಸದ ಉಸ್ತಾದರು ಗೊಣಗಿದರೆ ಅವರನ್ನು ದೂರಬೇಡಿ.

ಆ ತಲೆಸುತ್ತಿಗೆ ಇನ್ನೊಂದು ಕಾರಣವೂ ಇದೆ. ಕಣ್ಣು ‘ಹಾರುತ್ತಿದ್ದೇನೆ’ ಎನ್ನುತ್ತದೆ; ಒಳಗಿವಿಯಲ್ಲಿ ಸಮತೋಲ ಕಾಯುವ ದ್ರವ ‘ಕುಳಿತಿದ್ದೇನೆ’ ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಅಂದರೆ ವಿಮಾನ ಸುಳ್ಳು, ಆದರೆ ಹುಡುಗನ ಅಂಗೈಯ ಬೆವರು ನಿಜ. ಎದೆಯ ಬಡಿತ ನಿಜ. ‘ಇಳಿಸಿಯೇ ಬಿಡುತ್ತೇನೆ’ ಎಂಬ ಹಟವೂ ನಿಜ. ಶ್ರವಣ, ದೃಷ್ಟಿ, ಹೃದಯ ಇವುಗಳ ಬಗ್ಗೆ ಮನುಷ್ಯನನ್ನು ಪ್ರಶ್ನಿಸಲಾಗುವುದೆಂದು ಪವಿತ್ರ ಕುರ್‌ಆನ್ (17:36) ಎಚ್ಚರಿಸುತ್ತದೆ. ವಿಮಾನ ಸುಳ್ಳಾಗಿತ್ತೆಂಬ ಕಾರಣಕ್ಕೆ ಅದನ್ನು ಹಾರಿಸಿದ ಹೃದಯಕ್ಕೆ ಈ ವಿಚಾರಣೆಯಿಂದ ವಿನಾಯಿತಿ ಸಿಗಲಾರದು.

ಹಾಗಾದರೆ ಇದು ನಿಷಿದ್ಧವೇ? ಖಂಡಿತ ಅಲ್ಲ. ವಿಮಾನ ಚಾಲಕರು ಇಂತಹ ಕೃತಕ ಯಂತ್ರದಲ್ಲೇ ಬೆಂಕಿ, ಬಿರುಗಾಳಿ, ಕೆಟ್ಟ ಇಂಜಿನುಗಳನ್ನು ಎದುರಿಸಲು ಕಲಿಯುತ್ತಾರೆ. ಅಲ್ಲಿ ಎಡವುವುದು ಆಕಾಶದಲ್ಲಿ ಎಡವದಿರಲಿಕ್ಕಾಗಿ. ಸಂಕಲ್ಪದ ಕುರಿತಾದ ಪ್ರಸಿದ್ಧ ಹದೀಸನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನನ್ನ ಆತಂಕ ಬೇರೆ. ವಿಮಾನ ಬಿದ್ದೊಡನೆ ಒತ್ತುವ ‘ಪುನರಾರಂಭ’ದ ಗುಂಡಿಯ ಬಗ್ಗೆ ನನ್ನ ಆತಂಕ.

2010ರ ಮೇ 22ರ ಬೆಳಗನ್ನು ನಮ್ಮ ಜಿಲ್ಲೆ ಮರೆತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜೀವಗಳು ಹೋದವು, ಉಳಿದವರು 8 ಮಂದಿ. ಊರಿಗೆ ಬರುವವರನ್ನು ಕರೆದೊಯ್ಯಲು ನಿಲ್ದಾಣಕ್ಕೆ ಹೋಗಿದ್ದ ವಾಹನಗಳು ಬರಿದಾಗಿ ಮರಳಿದವು. ತನಿಖಾ ವರದಿಯನ್ನು ಓದಿದವರಿಗೆ ಎದೆ ನಡುಗುತ್ತದೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಸುವುದನ್ನು ಕೈಬಿಟ್ಟು ಮೇಲೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದ್ದರು. ಎಚ್ಚರಿಕೆಯ ಯಂತ್ರವೂ ಕೂಗಿತ್ತು. ಆದರೂ ಇಳಿಸುವ ಪ್ರಯತ್ನ ಮುಂದುವರಿಯಿತು. ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಆಮೇಲೆ ಮತ್ತೆ ಮೇಲೇರುವ ಯತ್ನ ನಡೆಯಿತು, ಹೊತ್ತು ಮೀರಿತ್ತು. ಮೃತರ ಮೇಲೆ ತೀರ್ಪು ನೀಡುವುದು ನಮ್ಮ ಕೆಲಸವಲ್ಲ, ಅವರ ಲೆಕ್ಕ ಅಲ್ಲಾಹನ ಬಳಿಯಲ್ಲಿದೆ. ಆದರೆ ಅರ್ಧ ದಾರಿಯಲ್ಲಿ ತಪ್ಪನ್ನು ಕೈಬಿಡುವುದು ಎಷ್ಟು ಕಷ್ಟವೆಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ತೌಬಾಕ್ಕೆ ವಿದ್ವಾಂಸರು ಹೇಳಿದ ಷರತ್ತುಗಳನ್ನು ನೆನಪಿಸಿಕೊಳ್ಳಿ. ಪಾಪವನ್ನು ಆ ಕ್ಷಣವೇ ತೊರೆಯಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು; ಅನ್ಯರ ಹಕ್ಕು ಕೈಯಲ್ಲಿದ್ದರೆ ಮರಳಿಸಬೇಕು. ಮರಣ ಕಣ್ಣೆದುರು ನಿಂತ ಮೇಲೆ ಮಾಡುವ ತೌಬಾ ಸ್ವೀಕಾರವಾಗದು. ಪುನರಾರಂಭದ ಗುಂಡಿಗೆ ಇವುಗಳಲ್ಲಿ ಯಾವುದೂ ಬೇಡ, ಮರುಕವಂತೂ ಬೇಡವೇ ಬೇಡ. ನೂರು ಸಲ ಬಿದ್ದು ನೂರು ಸಲ ಗುಂಡಿ ಒತ್ತಿದವನು ವಿಮಾನ ಇಳಿಸಲು ಕಲಿತಿರಬಹುದು; ಇಳಿಸದೆ ಮೇಲೇರಲು ಕಲಿತಿರುವುದಿಲ್ಲ. ಆ ಅಭ್ಯಾಸ ಹೆಡ್‌ಸೆಟ್ ಕಳಚಿದ ಮೇಲೂ ಅವನ ಜೊತೆಗಿರುತ್ತದೆ. ಬಡ್ಡಿಯ ಸಾಲಕ್ಕೆ ಕೈಹಾಕಿದವನು, ಜಗಳದಲ್ಲಿ ಅರ್ಧ ಮಾತು ಆಡಿಬಿಟ್ಟವನು, ‘ಶುರುಮಾಡಿ ಆಯಿತಲ್ಲ, ಮುಗಿಸಿಯೇ ಬಿಡೋಣ’ ಎನ್ನುವುದು ಇದೇ ಅಭ್ಯಾಸದಿಂದ. ಬೇಕೆಂದೇ ಆ ಕಣಿವೆಗೆ ವಿಮಾನ ಬೀಳಿಸಿ ನಗುವವರ ಬಗ್ಗೆ ಏನು ಹೇಳಲಿ? ಅವರ ನೆರೆಮನೆಯಲ್ಲೇ ಆ ದಿನ ತಂದೆಯನ್ನು ಕಳೆದುಕೊಂಡವರಿರಬಹುದು.

ಹೆಡ್‌ಸೆಟ್ ಕಟ್ಟಿದವನಿಗೆ ಉಮ್ಮ ಕರೆದದ್ದು ಕೇಳಿಸದು. ಅಸರ್ ಬಾಂಗು ಕೇಳಿಸೀತೆಂಬ ಭರವಸೆಯೂ ಇಲ್ಲ. ಅದನ್ನು ಹೆತ್ತವರು ಹೇಗೂ ಗದರಿಸಿ ಸರಿಪಡಿಸುತ್ತಾರೆ. ಆದರೆ ಒಂದು ದಿನ ಗದರಿಸದೆ ಅವನ ಪಕ್ಕದಲ್ಲಿ ನಿಂತುಕೊಳ್ಳಿ. ಅವನು ಕಾಣುತ್ತಿರುವುದು ಕಂಪ್ಯೂಟರಿನ ಪರದೆಯಲ್ಲಿ ನಿಮಗೂ ಕಾಣಿಸುತ್ತದೆ. ಬಜಪೆಯ ರನ್‌ವೇಗೆ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ಬಂದಾಗ ಅವನ ಕೈ ಏನು ಮಾಡುತ್ತದೆಂದು ನೋಡಿ.